ಮುಖ ತೊಳೆಯುವ ಮುನ್ನ ಬರುವ ಮಾರಮ್ಮ

"ಮಖ ತೊಳ್ದಿಲ್ಲ ತಾನೇ?"

ಪಾಂಡವಪುರ ತಾಲ್ಲೂಕಿನ ನಾಲೆ ಬದಿಯ ಒಂದು ಹಳ್ಳಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆ.ಆರ್.ಪೇಟೆ ಕಡೆಯಿಂದ ಬಂದ ಹಾಲಿನ ವ್ಯಾನು ಮಾರಮ್ಮನವರನ್ನೂ ಅವರ ಜೊತೆ ಬಂದ ನನ್ನನ್ನೂ ಇಳಿಸಿ ಹೋಗಿದೆ. ಯೋಗಕ್ಷೇಮಕ್ಕೂ ಮೊದಲು ಅವರು ಕೇಳುವುದು ಈ ಪ್ರಶ್ನೆಯನ್ನೇ. ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದ ಪುಟ್ಟಗೌರಮ್ಮ, "ಇಲ್ಲ ಬಾ, ಈಗಿನ್ನೂ ಎದ್ದವ್ರೆ" ಎನ್ನುತ್ತಾರೆ. ಅವರ ಗಂಡ ಚಿಕ್ಕಸ್ವಾಮಿ ಪಂಚೆ ಬಿಗಿ ಮಾಡಿಕೊಳ್ಳುತ್ತ ಬಂದು ಜಗಲಿಯ ಮೇಲೆ ಕೂರುತ್ತಾರೆ. ಮಾರಮ್ಮ ಅವರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಎಡಗೆನ್ನೆ, ಬಲಗೆನ್ನೆ, ಮೂಗಿನ ದಿಂಡು ಎಲ್ಲವನ್ನೂ ನೋಡುತ್ತಾರೆ.

"ರಾತ್ರಿ ಆಕಂಡಿದ್ರಾ ಅಣ್ಣ?"

"ಊಂ. ಪೂರ್ತಿ ಆಕಂಡಿದ್ದೆ."

"ಇದು ಚಾಪೆ ಗುರ್ತು ಕಣಣ್ಣ, ಮಾಸ್ಕಿನ ಗುರ್ತಲ್ಲ."

ಪುಟ್ಟಗೌರಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಚಿಕ್ಕಸ್ವಾಮಿಗೆ ನಗು ಬರುವುದಿಲ್ಲ. ಮೂಲೆಯಲ್ಲಿ ದಾರದಿಂದ ಬಿಗಿದು ಇಟ್ಟಿರುವ ಪೆಟ್ಟಿಗೆಯ ಕಡೆ ಕೈ ತೋರಿಸಿ, "ಕಟ್ಟಿ ಮಡಗಿವ್ನಿ. ತಗಂಡೋಗ್ಬುಡು. ನನ್ನೇನು ಎತ್ತು ಅನ್ಕಂಡಿದ್ದೀಯಾ, ಮೂತಿಗೆ ಕುಕ್ಕೆ ಹಾಕಕೆ?" ಎಂದು ಮುಖ ತಿರುಗಿಸುತ್ತಾರೆ.

ಆ ಪೆಟ್ಟಿಗೆಯಲ್ಲಿರುವುದು ಸಿಪ್ಯಾಪ್ ಯಂತ್ರ. ನಮ್ಮ ಕಡೆ ಗೊರಕೆ ಹೊಡೆಯುವವನನ್ನು ಪುಣ್ಯವಂತ ಎನ್ನುತ್ತೇವೆ. ದಿಂಬಿಗೆ ತಲೆ ಕೊಟ್ಟರೆ ಸಾಕು, ಅವನಿಗೆ ನಿದ್ದೆ ಎಂದು ಹೊಟ್ಟೆಕಿಚ್ಚು ಪಡುತ್ತೇವೆ. ಎಲ್ಲ ಗೊರಕೆಯೂ ಪುಣ್ಯದ್ದಲ್ಲ. ಕೆಲವರಿಗೆ ನಿದ್ದೆಯಲ್ಲಿ ಗಂಟಲು ಸಡಿಲಗೊಂಡು ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಉಸಿರು ಕಟ್ಟಿ, ದೇಹ ಬೆಚ್ಚಿ, ಮತ್ತೆ ಉಸಿರು ಬಂದು, ಮತ್ತೆ ಕಟ್ಟಿ, ಇರುಳೆಲ್ಲ ಇದೇ ಆಟ. ಬೆಳಗಾದರೆ ಮಲಗಿದ ನೆನಪು ಮಾತ್ರ ಇರುತ್ತದೆ, ನಿದ್ದೆಯ ಸುಖ ಇರುವುದಿಲ್ಲ. ಹಗಲೆಲ್ಲ ಕಣ್ಣು ಎಳೆಯುತ್ತದೆ. ಈ ಯಂತ್ರ ಕೊಳವೆಯ ಮೂಲಕ, ಮುಖಕ್ಕೆ ಹಾಕಿದ ಮಾಸ್ಕಿನೊಳಗೆ ಗಾಳಿಯನ್ನು ಒತ್ತಿ ಕೊಟ್ಟು ಆ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಹೇಳಲು ಇಷ್ಟೇ. ಆದರೆ ಮುಖದ ಮೇಲೆ ರಬ್ಬರು, ತಲೆಗೆ ಪಟ್ಟಿ, ಮೂಗಿಗೆ ನುಗ್ಗುವ ಗಾಳಿ ಇವುಗಳ ಜೊತೆ ಮೊದಲ ರಾತ್ರಿ ಮಲಗಿ ನೋಡಿದವರಿಗೇ ಗೊತ್ತು ಅದರ ಪಾಡು.

ಮಾರಮ್ಮ ಮೈಸೂರಿನ ಒಂದು ವೈದ್ಯಕೀಯ ಸಲಕರಣೆ ಅಂಗಡಿಯ ಕೆಲಸಗಾರ್ತಿ. ಪೆಟ್ಟಿಗೆ ತಲುಪಿಸಿ ಬರುವುದಷ್ಟೇ ಅವರಿಗೆ ಒಪ್ಪಿಸಿದ ಕೆಲಸ. ಆದರೆ ತಲುಪಿಸಿದ ಪೆಟ್ಟಿಗೆಗಳೆಲ್ಲ ಅಟ್ಟ ಸೇರುವುದನ್ನು ನೋಡಿ ಅವರು ಜನರ ಜೊತೆ ಕೂರಲು ಶುರು ಮಾಡಿದರು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಬೇಡ ಎಂದೂ ಅಂದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳಲ್ಲಿ ಓಡಾಟ. ಅಷ್ಟು ಬೆಳಿಗ್ಗೆ ಬಸ್ಸಿರುವುದಿಲ್ಲವಾದ್ದರಿಂದ ಹಾಲಿನ ವ್ಯಾನುಗಳೇ ಗತಿ.

ಅಷ್ಟು ಬೆಳಿಗ್ಗೆ ಯಾಕೆ ಬರಬೇಕು? "ತೊಳ್ದ ಮಖ ಏನೂ ಏಳಕಿಲ್ಲ ಸಾ" ಎನ್ನುತ್ತಾರೆ ಮಾರಮ್ಮ. "ಎದ್ದ ಮಖ ಎಲ್ಲಾ ಏಳ್ತದೆ. ಮೂಗಿನ ಮೇಲೆ ಕೆಂಪಗಿದ್ರೆ ಪಟ್ಟಿ ಬಿಗಿಯಾಯ್ತು ಅಂತ. ಕಣ್ಣು ಕೆಂಪಗಿದ್ರೆ ಮೇಲಿಂದ ಗಾಳಿ ಸೋರ್ತಾ ಐತೆ ಅಂತ. ಎರಡೂ ಕೆನ್ನೆ ಮೇಲೆ ಒಂದೇ ಸಮ ತೆಳ್ಳಗೆ ಗೆರೆ ಬಿದ್ದಿದ್ರೆ, ಆ ಮನುಷ್ಯ ಚೆಂದಾಗಿ ಮನಗವ್ನೆ ಅಂತ." ಗೆರೆ ಸ್ವಲ್ಪ ಹೊತ್ತಿಗೆಲ್ಲ ಅಳಿಸಿಹೋಗುತ್ತದೆ. ಅಷ್ಟರೊಳಗೆ ಅವರು ನೋಡಬೇಕು.

ಮುಖ ಮುಟ್ಟುವ ಕೆಲಸವಲ್ಲವೇ, ಕೆಲವು ಮನೆಗಳಲ್ಲಿ ಮೊದಲು "ಯಾವ ಬೀದಿಯೋಳಮ್ಮ ನೀನು?" ಎಂಬ ಪ್ರಶ್ನೆ ಬರುತ್ತದೆ. ಈ ಕಾಲದಲ್ಲೂ ಬರುತ್ತದೆ ಎನ್ನುವುದು ನನಗೆ ಸಿಟ್ಟು ತರಿಸುತ್ತದೆ. ಮಾರಮ್ಮ ಸಿಟ್ಟಾಗುವುದಿಲ್ಲ. "ಆಸ್ಪತ್ರೆ ಬೀದಿ ಕಣ್ರೀ ಅಂತೀನಿ. ಉಸ್ರು ಬೇಕಾದೋರು ಸುಮ್ಕಾಯ್ತಾರೆ" ಎಂದು ಕೈಚೀಲ ಸರಿಮಾಡಿಕೊಳ್ಳುತ್ತಾರೆ.

ಅವರ ಬಳಿ ಕಥೆಗಳಿಗೆ ಬರವಿಲ್ಲ. ನಾಗಮಂಗಲದ ತೆಂಗಿನಕಾಯಿ ವ್ಯಾಪಾರಿ ಶಿವಲಿಂಗಯ್ಯನವರ ಮನೆಗೆ ಯಂತ್ರ ಹೋದ ಮಾರನೆಯ ದಿನವೇ ನೆಂಟರು ಟೆಂಪೊ ಮಾಡಿಕೊಂಡು ಬಂದಿಳಿದರಂತೆ, ಬ್ರೆಡ್ಡು, ಮೂಸಂಬಿ ಸಮೇತ. "ಮೂಗಿಗೆ ಆಕವ್ರಂತೆ" ಎಂಬ ಸುದ್ದಿ ಹಬ್ಬಿತ್ತು. ನಮ್ಮಲ್ಲಿ ಮೂಗಿಗೆ ಹಾಕಿದರು ಎಂದರೆ ಆಮ್ಲಜನಕ, ಆಮ್ಲಜನಕ ಎಂದರೆ ಕೊನೆಗಾಲ. ನೋಡಿದರೆ ಶಿವಲಿಂಗಯ್ಯ ಕಾಯಿ ರಾಶಿಯ ಮುಂದೆ ನಿಂತು ಆಳುಗಳ ಮೇಲೆ ರೇಗುತ್ತಿದ್ದಾರೆ! ಬಂದವರಿಗೆ ಸಮಾಧಾನಕ್ಕಿಂತ ಮುಜುಗರವೇ ಹೆಚ್ಚಾಗಿ, ತಂದ ಬ್ರೆಡ್ಡನ್ನು ಅಲ್ಲೇ ಕಾಫಿಗೆ ಅದ್ದಿಕೊಂಡು ತಿಂದು ಹೋದರು.

ಶ್ರೀರಂಗಪಟ್ಟಣದಲ್ಲಿ ಹೂ ಕಟ್ಟುವ ಅಣ್ಣಮ್ಮನವರ ತಕರಾರೇ ಬೇರೆ. ಮಾಸ್ಕಿನ ಅಂಚು ಮೂಗುಬೊಟ್ಟಿಗೆ ಒತ್ತುತ್ತಿತ್ತು. ಅದನ್ನು ಬಿಚ್ಚಿಡಿ ಎಂದರೆ, "ಗಂಡ ಎದುರಿಗೆ ಕೂತವ್ನೆ, ಮುತ್ತೈದೆ ಮೂಗು ಬರಿದು ಮಾಡ್ತೀಯಾ?" ಎಂದು ಅಳಲು ಶುರುಮಾಡಿದರು. ಮಾರಮ್ಮ ವಾದಕ್ಕೆ ನಿಲ್ಲಲಿಲ್ಲ. ಅಂಗಡಿಗೆ ಹೋಗಿ, ಮೂಗು ಬಾಯಿ ಎರಡನ್ನೂ ಒಟ್ಟಿಗೆ ಮುಚ್ಚುವ ದೊಡ್ಡ ಅಳತೆಯದನ್ನು ತಂದರು. ಅದರೊಳಗೆ ಮೂಗುಬೊಟ್ಟಿಗೆ ಜಾಗವಿದೆ. ಅಣ್ಣಮ್ಮ ಈಗ ಮೂಗುಬೊಟ್ಟಿನ ಸಮೇತ ಮಲಗುತ್ತಾರೆ.

ಈ ತಾಳ್ಮೆ ಮಾರಮ್ಮನವರಿಗೆ ಸುಮ್ಮನೆ ಬಂದದ್ದಲ್ಲ. ಸಿಂಧಘಟ್ಟದ ಈ ಹೆಂಗಸು ಮೊದಲು ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ನೆಲ ಒರೆಸುತ್ತ ತೂಕಡಿಕೆ, ಗೋಡೆಗೆ ಒರಗಿದರೆ ನಿದ್ದೆ. ಸೋಮಾರಿ ಎಂಬ ಹೆಸರು ಬಂತು, ಬೈಗುಳ ಬಂತು, ಕೊನೆಗೆ ಕೆಲಸವೇ ಹೋಯಿತು. "ಏನು ತಪ್ಪು ಮಾಡ್ದೆ ಅಂತ ನಂಗೇ ಗೊತ್ತಿರ್ಲಿಲ್ಲ ಸಾ. ನಾನು ಸೋಮಾರಿ ಅಂತ ನಾನೂ ನಂಬ್ಬುಟ್ಟಿದ್ದೆ" ಎನ್ನುವಾಗ ಮಾತ್ರ ಅವರ ದನಿ ಸಣ್ಣಗಾಗುತ್ತದೆ. ಬಿ.ಪಿ. ತೋರಿಸಲು ಮೈಸೂರಿಗೆ ಹೋದಾಗ, ಬೆಂಚಿನ ಮೇಲೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ ಅವರನ್ನು ಕಂಡ ವೈದ್ಯರೊಬ್ಬರು ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟರು. ಮಾರಮ್ಮನಿಗೂ ಮಾಸ್ಕು ಬಂತು.

ಅದೂ ಅಟ್ಟ ಸೇರಿತು! ಉಸಿರು ಕೊಡುವುದೇ ಉಸಿರು ಕಟ್ಟಿಸಿದಂತೆ ಅನಿಸುತ್ತಿತ್ತಂತೆ. ಅದನ್ನು ಕೆಳಗಿಳಿಸಿದವರು ಅವರ ಮಾವ ನರಸಯ್ಯ. ಎಳೆಯ ಹೋರಿಗಳನ್ನು ಪಳಗಿಸುವುದರಲ್ಲಿ ಒಂದು ಕಾಲಕ್ಕೆ ಹೆಸರಾಗಿದ್ದ ಹಿರಿಯರು. ಕಣದಲ್ಲಿ ತುಳಿಯುವಾಗ ಕಾಳಿಗೆ ಬಾಯಿ ಹಾಕದಂತೆ ಎತ್ತಿನ ಮೂತಿಗೆ ಕಟ್ಟುವ ಹಗ್ಗದ ಬಲೆಗೆ ಕುಕ್ಕೆ ಎನ್ನುತ್ತಾರೆ. ಸೊಸೆಯ ಮಾಸ್ಕು ನೋಡಿದ ನರಸಯ್ಯನವರಿಗೆ ನೆನಪಾದದ್ದು ಅದೇ. ಅವರು ಅವತ್ತು ಹೇಳಿದ್ದನ್ನು ಮಾರಮ್ಮ ಮಾವನ ದನಿಯಲ್ಲೇ ಹೇಳಿ ತೋರಿಸುತ್ತಾರೆ.

"ಮೊದ್ಲೇ ದಿನ್ವೇ ಕಟ್ಟುದ್ರೆ ಓರಿ ಕಿತ್ಕಂಡೋಯ್ತದೆ ಕಣವ್ವ. ಕುಕ್ಕೇಲಿ ಒಸಿ ಬೂಸ ಹಾಕಿ ಸುಮ್ಕೆ ಇಡ್ಕಂಡು ನಿಂತ್ಕ. ಅದೇ ಬಂದು ಮೂತಿ ಮಡಗ್ತದೆ. ಕುಕ್ಕೆ ಮಖಕ್ಕೆ ಬರಬಾರ್ದು, ಮಖ ಕುಕ್ಕೆಗೆ ಓಗ್ಬೇಕು."

ಮಾರಮ್ಮನವರ ಬೂಸ ಸಂಜೆಯ ಧಾರಾವಾಹಿಯಾಯಿತು. ಪಟ್ಟಿ ಕಟ್ಟದೆ, ಬರೀ ಕೈಯಲ್ಲಿ ಹಿಡಿದು, ಕಡಿಮೆ ಗಾಳಿಯಲ್ಲಿ, ಧಾರಾವಾಹಿ ಮುಗಿಯುವವರೆಗೆ. ಬೇಡ ಎನಿಸುವ ಮೊದಲೇ ತೆಗೆದಿಡುವುದು. ಆಮೇಲೆ ಸಡಿಲವಾಗಿ ಪಟ್ಟಿ. ಆಮೇಲೆ ಮಲಗಿಕೊಂಡು. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂಬ ಗಾದೆ ಇಲ್ಲೂ ಕಾಟ ಕೊಟ್ಟಿತು. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಲು ಕಲಿತ ಬೆಳಿಗ್ಗೆ ಅವರು ಎದ್ದಾಗ, ದಿನಾ ಕಾಡುತ್ತಿದ್ದ ತಲೆನೋವಿರಲಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತು ಸುಮ್ಮನೆ ಅತ್ತರಂತೆ. ಅದೇ ಯಂತ್ರಗಳ ಅಂಗಡಿಯಲ್ಲಿ ಕೆಲಸ ಸಿಕ್ಕಿದಾಗ ಊರವರು, "ತೂಕಡಿಸೋಳಿಗೆ ಹಾಸಿಗೆ ಹಾಸಿ ಕೊಟ್ಟಂಗಾಯ್ತು" ಎಂದು ನಕ್ಕರು. ನಗಲಿ ಬಿಡಿ ಎಂದುಕೊಂಡರು ಮಾರಮ್ಮ.

ಈಗ ಚಿಕ್ಕಸ್ವಾಮಿಯವರ ವಿಷಯಕ್ಕೆ ಬರೋಣ. ಅವರದು ಹಾಲಿನ ವ್ಯಾನು. ಹಳ್ಳಿಗಳ ಡೇರಿಯಿಂದ ಕ್ಯಾನು ತುಂಬಿಕೊಂಡು ನಾಲೆ ಏರಿಯ ಮೇಲೆ ಹೋಗುವ ದಾರಿ. ಪಕ್ಕದಲ್ಲಿ ತುಂಬಿ ಹರಿಯುವ ನೀರು. ಒಂದು ಬೆಳಿಗ್ಗೆ ಮುಂದಿನ ಸೀಟಿನಲ್ಲಿದ್ದ ಮಾರಮ್ಮ, ಅವರ ಗದ್ದ ಎದೆಗೆ ತಾಗುವುದನ್ನು ಕಂಡರು. ತಾವೇ ಅನುಭವಿಸಿ ಬಂದಿದ್ದ ತೂಕಡಿಕೆ ಅದು. ಸ್ಟೇರಿಂಗಿಗೆ ಕೈ ಹಾಕಿ ಎಳೆದರು. ವ್ಯಾನು ಹೊಂಗೆ ಮರಕ್ಕೆ ಉಜ್ಜಿ ನಿಂತಿತು. ಹಾಲು ಚೆಲ್ಲಿತು, ಜೀವ ಉಳಿಯಿತು. ಮಾರಮ್ಮ ನೇರವಾಗಿ ಪುಟ್ಟಗೌರಮ್ಮನವರಿಗೆ ಹೇಳಿದರು. ಅವತ್ತೇ ಪುಟ್ಟಗೌರಮ್ಮ ಕೀಲಿಕೈ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ನಿದ್ದೆಯ ಪರೀಕ್ಷೆಯಾಗಿ ಈ ಪೆಟ್ಟಿಗೆ ಮನೆಗೆ ಬಂತು. ಡಾಕ್ಟರು ಸೈ ಎನ್ನುವವರೆಗೆ ಗಂಡನ ಕೈಗೆ ಕೊಡುವುದಿಲ್ಲ ಎಂಬುದು ಅವರ ಹಟ. ದಿನಾ ಬೆಳಿಗ್ಗೆ ಗಂಟು ಬಿಚ್ಚಿ ಕೊಡುವುದು ಬಾಡಿಗೆ ಚಾಲಕ ನಿಂಗರಾಜುವಿಗೆ. ತನ್ನದೇ ಗಾಡಿಯನ್ನು ಇನ್ನೊಬ್ಬ ಓಡಿಸಿಕೊಂಡು ಹೋಗುವುದನ್ನು ಚಿಕ್ಕಸ್ವಾಮಿ ಜಗಲಿಯಿಂದ ನೋಡುತ್ತಾರೆ. ಮಾರಮ್ಮನ ಮೇಲೆ ಅವರಿಗೆ ಕೋಪವಿದ್ದರೆ ತಪ್ಪೇನು?

"ಪೆಟ್ಗೆ ಇಲ್ಲೇ ಇರ್ಲಿ ಅಣ್ಣ. ಗಾಡಿ ವಾಪಸ್ಸು ಬಂದ್ಮೇಲೆ ಬತ್ತೀನಿ" ಎಂದು ಮಾರಮ್ಮ ನಿಂಗರಾಜುವಿನ ಪಕ್ಕ ಹತ್ತಿ ಹೊರಡುತ್ತಾರೆ. ಹಿಂದೆ ನಾನೂ. ನಾಲೆ ಏರಿ ಬಂದೊಡನೆ ಅವರು ಮುಂದಿನ ಕಂಬಿ ಬಿಗಿಯಾಗಿ ಹಿಡಿದು, ರೆಪ್ಪೆ ಅಲುಗಿಸದೆ ರಸ್ತೆ ನೋಡುತ್ತಾರೆ. ಅವತ್ತಿನಿಂದ ಯಾವ ಗಾಡಿಯಲ್ಲೂ ಕಣ್ಣು ಮುಚ್ಚಲು ಆಗುತ್ತಿಲ್ಲವಂತೆ. ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳುತ್ತೇನೆ.

"ಚಿಕ್ಕಸ್ವಾಮಣ್ಣ ಗಾಡಿ ಓಡಿಸ್ಬೇಕು. ನಾನು ಪಕ್ಕದಲ್ಲಿ ಕಣ್ಣು ಮುಚ್ಕಂಡು ಕೂತ್ಕಬೇಕು. ಅಷ್ಟೇ ಸಾ."

ಮಧ್ಯಾಹ್ನ ವ್ಯಾನು ಮನೆ ಮುಂದೆ ನಿಂತಿದೆ. ಮಾರಮ್ಮ ಕಿಟಕಿಯಿಂದ ಕರೆಂಟಿನ ವೈರು ಎಳೆದು ಯಂತ್ರವನ್ನು ಮುಂದಿನ ಸೀಟಿನ ಮೇಲಿಟ್ಟು, "ಅಣ್ಣ, ಬನ್ನಿ, ನಿಮ್ಮ ಸೀಟಲ್ಲಿ ಕೂತ್ಕಳಿ" ಎಂದು ಕರೆಯುತ್ತಾರೆ. ಚಿಕ್ಕಸ್ವಾಮಿಯವರ ಬೂಸ ಇದು! ಕೀಲಿಯಿಲ್ಲದಿದ್ದರೇನು, ಸೀಟು ಸೀಟೇ. ಅವರು ಹತ್ತಿ ಕೂತು ಸ್ಟೇರಿಂಗಿನ ಮೇಲಿನ ಧೂಳನ್ನು ಟವೆಲಿನಿಂದ ಒರೆಸುತ್ತಾರೆ. ಕನ್ನಡಿ ಸರಿಮಾಡಿಕೊಳ್ಳುತ್ತಾರೆ. ಮಾರಮ್ಮ ಮಾಸ್ಕನ್ನು ಅವರ ಅಂಗೈಗೆ ಕೊಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

"ನಾನು ಕಟ್ಟಾಕಿಲ್ಲ. ನಿಮ್ಗೆ ಬೇಕಾದಾಗ ನೀವೇ ಮಡಿಕ್ಕಳಿ. ಬ್ಯಾಡಾಂದ್ರೆ ತಗ್ದುಬುಡಿ."

"ಕರೆಂಟೋದ್ರೆ?"

"ಎಚ್ರ ಆಯ್ತದೆ. ಗಾಳಿ ಆಡಕೆ ತೂತು ಬುಟ್ಟವ್ರೆ. ತಗ್ದು ಪಕ್ಕಕ್ಕೆ ಮಡಗಿ, ಅಷ್ಟೇಯ."

ಅವರು ಮಾಸ್ಕನ್ನು ತಿರುಗಿಸಿ ನೋಡುತ್ತಾರೆ, ಮೂಗಿನ ಹತ್ತಿರ ತರುತ್ತಾರೆ, ದೂರ ಮಾಡುತ್ತಾರೆ. ಹಾರನ್ನು ಒಮ್ಮೆ ಒತ್ತುತ್ತಾರೆ, ಸುಮ್ಮನೆ. ಮತ್ತೆ ತರುತ್ತಾರೆ. ಮಾರಮ್ಮ ಅವರ ಕಡೆ ನೋಡುವುದನ್ನೇ ಬಿಟ್ಟು ಪುಟ್ಟಗೌರಮ್ಮನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಾರೆ. ಹೀಗೇ ಎಷ್ಟೋ ಹೊತ್ತು. ತಲೆಯೆತ್ತಿ ನೋಡಿದಾಗ ಚಿಕ್ಕಸ್ವಾಮಿ ಪಟ್ಟಿಯನ್ನು ತಾವೇ ತಲೆಗೆ ಸಿಕ್ಕಿಸಿಕೊಂಡು, ಸೀಟಿಗೆ ಒರಗಿ ನಿದ್ದೆ ಹೋಗಿದ್ದಾರೆ. ಗೊರಕೆಯಿಲ್ಲ.

ಪುಟ್ಟಗೌರಮ್ಮ ಸುಲಿದ ಕಾಳು ಚೆಲ್ಲಿ ಎದ್ದು ಓಡುತ್ತಾರೆ. ಗಂಡನ ಎದೆಯ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಎದೆ ಏಳುತ್ತಿದೆ, ಇಳಿಯುತ್ತಿದೆ.

"ಗೊರ್ಕೆ ನಿಂತ್ರೆ ನಂಗೆ ಭಯ ಕಣ್ ಮಾರಮ್ಮ" ಎನ್ನುತ್ತಾರೆ ಪಿಸುದನಿಯಲ್ಲಿ. "ಮದ್ವೆಯಾದಾಗಿಂದ ಗೊರ್ಕೆ ನಿಂತಾಗ್ಲೆಲ್ಲ ಎದ್ದು ಕೂತ್ಕತೀನಿ. ಮತ್ತೆ ಸುರುವಾದ್ಮೇಲೇ ನಾನು ಮನಗದು. ಇವ್ರ ಉಸ್ರು ಕಾಯೋದೇ ನನ್ನ ಕೆಲ್ಸ ಆಗೋಗಿತ್ತು."

ಮಾರಮ್ಮ ಅವರನ್ನು ಯಂತ್ರದ ಹತ್ತಿರ ಬಗ್ಗಿಸಿ, "ಉಸ್ ಅಂತೈತಲ್ಲ ಅಕ್ಕ, ಕೇಳಿ. ಇನ್ಮೇಲೆ ಕಾಯೋದು ಇದ್ರ ಕೆಲ್ಸ. ನೀವು ಮನಿಕ್ಕಳಿ" ಎನ್ನುತ್ತಾರೆ. ಪುಟ್ಟಗೌರಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾರೆ. ಆ ಸೆರಗಿನ ತುದಿಯಲ್ಲೇ ಕೀಲಿಕೈ ಇದೆ.

ನಾನು ಮತ್ತೆ ಆ ಮನೆಗೆ ಹೋಗುವುದು ಅವರೆ ಕಾಲ ಮುಗಿದ ಮೇಲೆ. ಅದೇ ನಸುಕು, ಅದೇ ಅಂಗಳ. ಈ ಸಲ ಚಿಕ್ಕಸ್ವಾಮಿ ಕರೆಯುವ ಮೊದಲೇ ಬಂದು ಜಗಲಿಯ ಮೇಲೆ ಕೂತು ಮುಖ ಒಡ್ಡುತ್ತಾರೆ. ಎರಡೂ ಕೆನ್ನೆಯ ಮೇಲೆ ಒಂದೇ ಸಮನಾದ ತೆಳ್ಳನೆಯ ಗೆರೆ. ಡೇರಿಯಲ್ಲಿ ಹುಡುಗರು ಕುಕ್ಕೆ ಗೌಡ್ರು ಎಂದು ರೇಗಿಸುತ್ತಾರಂತೆ. "ಅಂದ್ಕಳ್ಲಿ ಬುಡಿ. ಮದ್ಯಾನ ಎಚ್ರವಾಗಿರದು ಎಂಗಿರ್ತದೆ ಅಂತ್ಲೇ ಮರ್ತೋಗಿತ್ತು ನಂಗೆ" ಎನ್ನುತ್ತಾರೆ. ಡಾಕ್ಟರು ಯಂತ್ರದಲ್ಲಿ ದಾಖಲಾದದ್ದನ್ನೆಲ್ಲ ನೋಡಿ, ಗಾಡಿ ಓಡಿಸಬಹುದು ಎಂದಿದ್ದಾರೆ. ಪುಟ್ಟಗೌರಮ್ಮ ಸೆರಗಿನ ಗಂಟು ಬಿಚ್ಚುತ್ತಾರೆ. ಗಂಟು ಬಿಗಿದುಹೋಗಿದೆ, ಹಲ್ಲಿನಿಂದ ಎಳೆಯಬೇಕಾಗುತ್ತದೆ. ಕೀಲಿಕೈ ಕೊಟ್ಟು, "ನಿಧಾನಕ್ಕೆ" ಎಂದಷ್ಟೇ ಹೇಳುತ್ತಾರೆ.

ಚಿಕ್ಕಸ್ವಾಮಿ ಓಡಿಸುತ್ತಿದ್ದಾರೆ. ಪಕ್ಕದಲ್ಲಿ ಮಾರಮ್ಮ, ಹಿಂದೆ ಹಾಲಿನ ಕ್ಯಾನುಗಳ ನಡುವೆ ನಾನು. ಮಾರಮ್ಮನವರ ಕೆನ್ನೆಯ ಮೇಲೂ ಅದೇ ಗೆರೆ ಇನ್ನೂ ಮಾಸಿಲ್ಲ. ಅವರದನ್ನು ದಿನಾ ನೋಡುವವರು ಮಾವ ನರಸಯ್ಯ. "ಗುರ್ತು ಬಿದ್ದೈತೆ, ಇವತ್ತು ನೇಗ್ಲು ಕಟ್ಟಿ ಉಳಬೈದು" ಎಂದು ನಕ್ಕು ಕಳಿಸುತ್ತಾರಂತೆ. ನಾಲೆ ಏರಿ ಬರುತ್ತದೆ. ಮಾರಮ್ಮನವರ ಕೈ ಅಭ್ಯಾಸಬಲದಿಂದ ಕಂಬಿ ಹಿಡಿಯುತ್ತದೆ. ಆ ಹೊಂಗೆ ಮರ ದಾಟುತ್ತದೆ. ಸ್ವಲ್ಪ ದೂರ ಹೋದ ಮೇಲೆ ಆ ಕೈ ಸಡಿಲಾಗಿ ಮಡಿಲಿಗೆ ಇಳಿಯುತ್ತದೆ.

ಅವರನ್ನು ಇನ್ನೊಂದು ಮಾತು ಕೇಳಲೆಂದು ನಾನು ಮುಂದಕ್ಕೆ ಬಾಗುತ್ತೇನೆ. ಚಿಕ್ಕಸ್ವಾಮಿ ಕನ್ನಡಿಯಲ್ಲಿ ನನ್ನನ್ನು ಕಂಡು, ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತಿ ತಡೆಯುತ್ತಾರೆ.

"ಸುಮ್ಕಿರಿ ಸಾ, ಮನಗವ್ಳೆ."