ಸೂಜಿಬೀಬಿ ಕಟ್ಟುವ ಬಾಳೆನಾರು

ಆನೆಗೊಂದಿಯ ಬಂಡೆಗುಡ್ಡಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಧರ್ಮ ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ತಾಜಬೀ ಒಲೆಯ ಮುಂದೆ ಕುಳಿತಿದ್ದಾರೆ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಅದರ ಮೇಲೆ ಸೂಜಿಮದ್ದು ಕೊಡುವ ಗಾಜಿನ ಪಿಚಕಾರಿಗಳನ್ನು ಮಲಗಿಸಿ ಕುದಿಸುತ್ತಿದ್ದಾರೆ. ಬಟ್ಟೆ ಇಲ್ಲದಿದ್ದರೆ ಗಾಜು ಬಡಿದು ಒಡೆಯುತ್ತದೆ. ಮಗ್ಗುಲಲ್ಲಿ ಹತ್ತೊಂಬತ್ತು ವರ್ಷದ ಶಿಷ್ಯೆ ಕಳಕಮ್ಮ ಸಾಣೆಕಲ್ಲಿನ ಮೇಲೆ ಸೂಜಿಯ ಮೊನೆ ತೀಡಿ, ಹತ್ತಿಯೊಳಗೆ ಹಾಯಿಸಿ ನೋಡುತ್ತಾಳೆ. ಒಂದು ಎಳೆ ಸಿಕ್ಕಿಕೊಂಡು ಬರುತ್ತದೆ.

“ಇನ್ನ ಕೊಕ್ಕಿ ಐತಿ,” ಎನ್ನುತ್ತಾರೆ ತಾಜಬೀ. “ಹತ್ತಿ ಅಳಂಗಿಲ್ಲ, ಮನಷ್ಯಾ ಅಳ್ತಾನ. ಮತ್ತ ತೀಡು.”

ಇವರನ್ನು ಊರವರು ಕರೆಯುವುದು ಸೂಜಿಬೀಬಿ ಎಂದು. ವಯಸ್ಸು ಐವತ್ತೆರಡು, ಅವರ ಲೆಕ್ಕ ಹಾಗೆ ಹೇಳುತ್ತದೆ. ಹುಟ್ಟಿದ್ದು ಹನುಮಸಾಗರದಲ್ಲಿ. ಬಂಡಿ ಹೊಡೆಯುತ್ತಿದ್ದ ಗಂಡ ಫಕ್ರುದ್ದೀನ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ರಾಯಚೂರಿಗೆ ಹೋಗಿ ರೋಗಿಗಳ ಆರೈಕೆ ಕಲಿತರು. ವ್ಯಾಪಾರಸ್ಥರು ವರ್ಗಣಿ ಕೂಡಿಸಿ ಈ ದವಾಖಾನೆ ತೆರೆದಾಗ ಇಲ್ಲಿಗೆ ಬಂದರು. ಗಂಗಾವತಿಯ ಡಾಕ್ಟರರು ಮಂಗಳವಾರ, ಶುಕ್ರವಾರ ಬಂದು ಚೀಟಿ ಬರೆದು ಹೋಗುತ್ತಾರೆ. ಉಳಿದ ದಿನ ಆ ಚೀಟಿಯಂತೆ ನಡೆಸುವವರು ತಾಜಬೀ. ದಿನಕ್ಕೆ ಅರವತ್ತು ಜನ, ಎಂಟು ಹತ್ತು ಸೂಜಿಮದ್ದು. ಗದ್ದೆನಾಡಾದ್ದರಿಂದ ಜ್ವರವೇ ಹೆಚ್ಚು. ಯುದ್ಧ ಶುರುವಾದ ಮೇಲೆ ಕ್ವಿನೈನ್ ಸಿಗುವುದೇ ಕಷ್ಟವಾಗಿದೆ.

ಈಗ ಅವರ ಕಣ್ಣಿಗೆ ಪೊರೆ ಬಂದಿದೆ. ಪಿಚಕಾರಿಯ ಮೇಲಿನ ಗೆರೆಗಳು ಒಂದರೊಳಗೊಂದು ಕೂಡಿ ಕಾಣುತ್ತವೆ. ಎರಡು ತಿಂಗಳಿಂದ ಅವರು ತಾವಾಗಿಯೇ ಸೂಜಿ ಹಿಡಿಯುವುದನ್ನು ಬಿಟ್ಟಿದ್ದಾರೆ. ಸದ್ಯಕ್ಕೆ ಗಂಗಾವತಿಯ ಕಂಪೌಂಡರೊಬ್ಬ ಬಂದು ಹಾಕಿ ಹೋಗುತ್ತಾನೆ. ಬೇರೆ ಯಾರೂ ತಯಾರಾಗದಿದ್ದರೆ ಇನ್ನು ಮೇಲೆ ಸೂಜಿಮದ್ದು ಗಂಗಾವತಿಯಲ್ಲೇ ಎಂದು ದವಾಖಾನೆಯ ವ್ಯಾಪಾರಸ್ಥರು ತೀರ್ಮಾನಿಸಿದ್ದಾರೆ. ಜ್ವರದವರು ಬಂಡಿಯಲ್ಲಿ ಏಳು ಮೈಲಿ ಹೋಗಬೇಕು. ಕಳಕಮ್ಮ ಕಲಿತಿದ್ದಾಳೆಂದು ತಾಜಬೀ ಒಂದು ಮಾತು ಹೇಳಿದರೆ ಡಾಕ್ಟರರು ಸಹಿ ಹಾಕುತ್ತಾರೆ. ಪತ್ರಿಕೆಗೆ ಬರೆಯಲೆಂದು ನಾನು ಹೋದದ್ದು ಆ ಮಾತು ಹೇಳಬೇಕಾದ ಶುಕ್ರವಾರ.

ಕಳಕಮ್ಮ ಮೂರು ತಿಂಗಳು ಬಾಳೆದಿಂಡಿಗೆ ನೀರು ಚುಚ್ಚಿ ಕೈ ಪಳಗಿಸಿಕೊಂಡಿದ್ದಾಳೆ. “ಚುಚ್ಚೂದು ಎಂಟು ದಿನದ ವಿದ್ಯಾ,” ಎನ್ನುತ್ತಾರೆ ತಾಜಬೀ. “ಯಾರಿಗೆ ಚುಚ್ಚಾಕ ಹತ್ತೀನಿ ಅನ್ನೂದು ಜಲಮದ ವಿದ್ಯಾ.”

ಈ ಮಾತಿನ ಹಿಂದೆ ಹತ್ತು ವರ್ಷದ ಹಿಂದಿನ ಒಂದು ಬೆಳಗಿದೆ. ಅಂದು ಗೋಣೆಪ್ಪನೆಂಬವನಿಗೆ ಆಮಶಂಕೆಯ ಮದ್ದು ಎಮೆಟಿನ್ ಕೊಡಬೇಕಾಗಿತ್ತು. ತಾಜಬೀ ಒಬ್ಬಾಕೆಯನ್ನು “ನಿನ್ನ ಗಂಡ ಗೋಣೆಪ್ಪನೇನವಾ?” ಎಂದು ಕೇಳಿದರು. ಆಕೆ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು. ಗಂಡನ ಹೆಸರಿಗೆ ನಾಚಿದಳೆಂದು ತಿಳಿದು ಅವಳ ಗಂಡನಿಗೆ ಸೂಜಿ ಕೊಟ್ಟರು. ಗೋಣೆಪ್ಪ ಅವಳ ಮಾವನ ಹೆಸರು; ಗಂಡನ ಹೆಸರಿನಂತೆ ಅದನ್ನೂ ಇಲ್ಲಿಯ ಹೆಂಗಸರು ಬಾಯಲ್ಲಿ ತರುವುದಿಲ್ಲ. ಗಂಡ ಅಂದಪ್ಪ, ಜ್ವರದಲ್ಲಿ ಸೋತವನು. ಆ ಮದ್ದು ಅವನ ಎದೆಗೆ ಭಾರವಾಯಿತು.

“ಎರಡು ದಿನ ಅವನ ನಾಡಿ ಹಿಡ್ಕೊಂಡ ಕುಂತಿದ್ದೆ. ಉಳದ. ಇವತ್ತಿಗೂ ಎದುರಿಗೆ ಬಂದ್ರ ನಮಸ್ಕಾರ ಮಾಡ್ತಾನ್ರಿ. ನನಗ ತಲಿ ಎತ್ತಾಕ ಆಗಂಗಿಲ್ಲ.” ಇದನ್ನು ಬರೆಯಬಹುದೇ ಎಂದು ನಾನು ಎರಡು ಸಲ ಕೇಳಿದೆ. “ಬರೀರಿ. ಕಲಿಯೋರು ಓದ್ಲಿ,” ಎಂದರು.

ಅಂದಿನಿಂದ ಚೀಟಿ ಬರೆಸುವಾಗಲೇ ಹೆಂಡತಿಯಲ್ಲದ ಬೇರೆಯವರ ಬಾಯಿಂದ ಹೆಸರು ಹೇಳಿಸಿ, ಆ ಚೀಟಿಯನ್ನು ಬಾಳೆನಾರಿನಿಂದ ರೋಗಿಯ ಮುಂಗೈಗೆ ಕಟ್ಟುತ್ತಾರೆ. ಜನರಿಗೆ ಅದು ತಾಯಿತದಂತೆ. ಗುಣವಾದರೂ ಬಿಚ್ಚುವುದಿಲ್ಲ.

ಎಂಟು ಗಂಟೆಗೆ ಸಾಲು ಕಟ್ಟೆ ದಾಟಿದೆ. ಮುದುಕಮ್ಮನೆಂಬ ಹೆಂಗಸು ನಡುಗುತ್ತಿರುವ ಗಂಡನನ್ನು ತೋಳು ಹಿಡಿದು ತರುತ್ತಾಳೆ. ಅವನ ಮುಂಗೈಯ ಚೀಟಿಯಲ್ಲಿ ‘ಹಂಪಣ್ಣ, ಎಮೆಟಿನ್, ನಾಲ್ಕನೆಯದು’ ಎಂದಿದೆ. ಕಳಕಮ್ಮ ಓದಿ, ಪಿಚಕಾರಿಗೆ ಮದ್ದು ತುಂಬಿ, ಗಾಳಿ ಹೊರಹಾಕಿ, ಅವನತ್ತ ಬಾಗುತ್ತಾಳೆ.

“ನಿಮ್ಮ ಹೆಸರೇನ್ರಿ?”

ಅವನ ಹಲ್ಲು ಕಟಕಟ ಎನ್ನುತ್ತವೆ, ಮಾತು ಹೊರಡುವುದಿಲ್ಲ. ಕಳಕಮ್ಮ ಹೆಂಡತಿಯ ಕಡೆ ತಿರುಗುತ್ತಾಳೆ.

“ಚೀಟ್ಯಾಗ ಐತಲ್ಲವಾ,” ಎಂದು ಗಂಡನ ಹೆಸರು ಹೇಳಲಾರದೆ ಜಾರಿಕೊಳ್ಳುತ್ತಾಳೆ ಮುದುಕಮ್ಮ.

ಸಾಲಿನಲ್ಲಿದ್ದ ಅಜ್ಜಿ ಮಾರೆವ್ವ ಗದರುತ್ತಾಳೆ: “ಏ ಹುಡುಗಿ, ಓದಾಕ ಬರಂಗಿಲ್ಲೇನ ನಿನಗ? ನಮ್ಮನ್ನ ಸಂಜಿತನಕ ನಿಂದ್ರಸ್ತಿಯೇನು?”

ಕಳಕಮ್ಮ ಗುರುವಿನ ಮುಖ ನೋಡುತ್ತಾಳೆ. ತಾಜಬೀ ಗೋಡೆಗೊರಗಿ ಕುಳಿತಿದ್ದಾರೆ. ಅವರ ಮಂಜುಗಣ್ಣಿಗೆ ಚೀಟಿಯೂ ಕಾಣದು, ಆ ಗಂಡಸಿನ ಮುಖವೂ ಕಾಣದು. ಅವರಿಗೆ ಗೊತ್ತಿರುವುದು ಶಿಷ್ಯೆಯ ಕೈ ನಿಂತಿದೆ ಎಂಬುದಷ್ಟೆ.

ಕಳಕಮ್ಮ ಪಿಚಕಾರಿ ಕೆಳಗಿಡುತ್ತಾಳೆ. “ಮಾರೆವ್ವಾಯಿ, ಬೈದ್ರ ಬೈಯಿ. ಇವರು ಯಾರಂತ ನೀನ ಹೇಳು.”

ಮಾರೆವ್ವ ಹತ್ತಿರ ಬಂದು ಮುಖ ನೋಡುತ್ತಾಳೆ. “ದೇವೇಂದ್ರಪ್ಪ ಅಲ್ಲೇನ ಇವ! ಹಂಪಣ್ಣ ಇವರಣ್ಣ. ಈಗ ನೋಡಿ ಬಂದೆ, ಮನ್ಯಾಗ ಕುಂತು ರೊಟ್ಟಿ ತಿನ್ನಾಕ ಹತ್ತಿದ್ದ!”

ಸಾಲೆಲ್ಲ ನಗುತ್ತದೆ. ಮುದುಕಮ್ಮನ ಕಣ್ಣಲ್ಲಿ ನೀರು. “ನಮ್ಮ ಭಾವಗ ಈ ನಾರು ಕಟ್ಟಿಂದ ಆರಾಮ ಆತ್ರಿ. ಇವರಿಗೂ ಆಗ್ಲಿ ಅಂತ ಬಿಚ್ಚಿ ಕಟ್ಟಿದ್ನಿ.”

ಕಳಕಮ್ಮ ಬೈಯುವುದಿಲ್ಲ. ತುಂಬಿದ ಮದ್ದು ಚೆಲ್ಲಿ, ನಾರು ಕತ್ತರಿಸಿ, ಡಾಕ್ಟರರು ನೋಡುವವರೆಗೆ ಯಾವ ಸೂಜಿಯೂ ಇಲ್ಲವೆಂದು ಹೇಳಿ ದೇವೇಂದ್ರಪ್ಪನನ್ನು ಕಂಬಳಿ ಹೊದಿಸಿ ಮಲಗಿಸುತ್ತಾಳೆ. ಹತ್ತಕ್ಕೆ ಡಾಕ್ಟರರು ಬಂದು ಕ್ವಿನೈನ್ ಬರೆಯುತ್ತಾರೆ. ಕಿಟಕಿಯಂತೆ ಕತ್ತರಿಸಿದ ಬಟ್ಟೆಯನ್ನು ರೋಗಿಯ ಸೊಂಟದ ಮೇಲೆ ಹೊದಿಸಿ, ಕಳಕಮ್ಮ ಪೃಷ್ಠದ ಮೇಲಿನ ಹೊರಮಗ್ಗುಲನ್ನು ಬೆರಳಿನಿಂದ ಗುರುತಿಸುತ್ತಾಳೆ. ಜಾಗ ತಪ್ಪಿದರೆ ಕಾಲು ಎಳೆದುಕೊಂಡು ನಡೆಯುವ ಹಾಗಾಗಬಹುದು. ಚುಚ್ಚಿ, ಪಿಚಕಾರಿಯ ದಂಡವನ್ನು ತುಸು ಹಿಂದೆಳೆದು, ರಕ್ತ ಬಾರದ್ದನ್ನು ನೋಡಿ, ಮೆಲ್ಲಗೆ ಒತ್ತುತ್ತಾಳೆ.

“ಹೆಂಗ ತಾಜಬೀ?” ಎಂದು ಡಾಕ್ಟರರು ಕೇಳುತ್ತಾರೆ.

“ಚುಚ್ಚಿದ್ದು ನನಗ ಕಾಣ್ಲಿಲ್ರಿ. ಚುಚ್ಚದ ಬಿಟ್ಟಿದ್ದು ಕಾಣ್ತು. ಕಲ್ತಾಳ. ಸಹಿ ಮಾಡ್ರಿ.”

ಕಳಕಮ್ಮ ಚಿಕ್ಕಮ್ಮನನ್ನು ಕರೆಯುವ ಹಾಗೆ “ಖಾಲಾ” ಎಂದಷ್ಟೇ ಹೇಳಿ, ಮುಂದಿನ ರೋಗಿಯ ಕಡೆ ಓಡುತ್ತಾಳೆ. ಇನ್ನೇನು ಆಸೆ ಎಂದು ತಾಜಬೀಯವರನ್ನು ಕೇಳಿದೆ.

“ನಾಳಿ ನನಗೂ ಜ್ವರ ಬಂದ್ರ ಈಕಿ ಕಡಿಂದನ ಸೂಜಿ ಹಾಕ್ಸಿಕೊಂತೀನ್ರಿ. ಆದ್ರ ಖಾಲಾ ಅಂತ ಹಾಂಗ ಚುಚ್ಚಬಾರ್ದು. ‘ನಿಮ್ಮ ಹೆಸರೇನ್ರಿ’ ಅಂತ ನನ್ನೂ ಕೇಳಬೇಕು.”