ಹಾಳೆ ಮಗುಚಿ ಹಾಕಿದ ಹೊನ್ನಮ್ಮನವರು

ರಕ್ಷಣಾ ಖರೀದಿಯ ಗುಟ್ಟು ಕಾಯುವವರೆಂದರೆ ಬೀಗದ ಕೈ, ಮೊಹರು, ದಪ್ಪ ನಿಯಮಪುಸ್ತಕ ಹಿಡಿದ ನನ್ನಂಥ ಭದ್ರತಾ ಅಧಿಕಾರಿಗಳೆಂದೇ ಲೋಕದ ತಿಳಿವಳಿಕೆ; ಬಹುಕಾಲ ನನ್ನದೂ ಅದೇ ಆಗಿತ್ತು. ಅರ್ಗಾದ ನಮ್ಮ ಖರೀದಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ರದ್ದಿ ಕೋಣೆಯನ್ನು ನೋಡಿಕೊಂಡು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಹೊನ್ನಮ್ಮನವರ ಬಗ್ಗೆ ಬರೆಯಲು ಕುಳಿತರೆ, ಈ ಕ್ಷೇತ್ರದಲ್ಲಿ ಅವರನ್ನು ಎಲ್ಲಿ ನಿಲ್ಲಿಸಬೇಕು, ನಾನೆಲ್ಲಿ ನಿಲ್ಲಬೇಕು ಎಂಬುದೇ ಗೊಂದಲವಾಗಿದೆ.

ಹಡಗಿನ ಉಪಕರಣಗಳ ನಕ್ಷೆ, ಟೆಂಡರಿನ ಹೆಚ್ಚುವರಿ ಪ್ರತಿ ಎಲ್ಲವೂ ಕೊನೆಗೆ ಬರುವುದು ಅವರ ಕೈಗೆ. ಅವರು ಅವನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿ, ತೊಟ್ಟಿಯಲ್ಲಿ ನೆನೆಸಿ, ಮುದ್ದೆಯಾಗುವ ತನಕ ಕಲಸುತ್ತಿದ್ದರು. ಅವರನ್ನು ಆರಿಸಿದ ಕಾರಣ ಒಂದೇ: ಅರ್ಜಿಯಲ್ಲಿ ಓದುಬರಹದ ಮುಂದೆ ‘ಇಲ್ಲ’ ಎಂದಿತ್ತು. ಅಂಕೋಲೆಯಿಂದ ಹೊಸದಾಗಿ ಬಂದಾಗ ನಾನೊಮ್ಮೆ ಅಸಲು ನಕ್ಷೆಯೊಂದನ್ನು ರದ್ದಿಗೆ ಸೇರಿಸಿದ್ದೆ. ರದ್ದಿ ಕಾಗದಕ್ಕೆ ಒತ್ತುವ ಕೆಂಪು ಮುದ್ರೆ ಅದರ ಮೇಲಿಲ್ಲವೆಂದು ಬಣ್ಣದಿಂದಲೇ ಗುರುತಿಸಿ, ಸದ್ದಿಲ್ಲದೆ ಮರಳಿಸಿ ನನ್ನ ಮಾನ ಉಳಿಸಿದವರು ಅವರೇ.

ಕೊರೊನಾ ಕಾಲದಲ್ಲಿ ಅವರ ಮೊಮ್ಮಗಳು ಪ್ರೇಕ್ಷಾಳ ಶಾಲೆ ಮೊಬೈಲಿಗೆ ಬಂತು. ಸದಾಶಿವಗಡದ ಮನೆಯಲ್ಲಿ ಮಗುವಿನ ಪಕ್ಕ ಕೂರಲು ಅಜ್ಜಿಯಲ್ಲದೆ ಬೇರೆ ಯಾರೂ ಇರಲಿಲ್ಲ. ಎರಡು ವರ್ಷದ ಬಳಿಕ ಒಂದು ಬೆಳಿಗ್ಗೆ ಹೊನ್ನಮ್ಮನವರು ನನ್ನ ಬಾಗಿಲಲ್ಲಿ ನಿಂತರು.

“ಸಾಹೇಬ್ರೆ, ನಂಗೆ ಈಗ ಓದೂಕೆ ಬತ್ತದೆ. ಇಂಗ್ಲೀಷೂ ಸ್ವಲ್ಪ. ನಿನ್ನೆ ಒಂದ್ ಹಾಳೆ ಮೇಲೆ ಅರ್ಗಾ ಅಂತ ಇದ್ದದ್ದು ಕಣ್ಣಿಗೆ ಬಿತ್ತು. ಆಮೇಲೆ ಅಕ್ಷರ ಕಾಣೂದು ಬೇಡ ಅಂತ ಎಲ್ಲಾ ಮಗ್ಚಿ ಹಾಕ್ದೆ.”

ಓದು ಬಾರದವರಿಗೆಂದೇ ಇದ್ದ ಹುದ್ದೆ ಅದು. ಅವರ ಮನೆ ನಡೆಯುತ್ತಿದ್ದುದೂ ಅದರಿಂದಲೇ. ಗುಟ್ಟು ಕಾಯಲು ಸಂಬಳ ಪಡೆಯುವ ನಾನು ಬಾಗಿಲು ಮುಚ್ಚಿ, “ಯಾರಿಗೂ ಹೇಳ್ಬೇಡಿ ಹೊನ್ನಮ್ಮ, ಕೆಲಸ ಹೋದೀತು” ಎಂದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ನಂಗೆ ಓದೂಕೆ ಬರೂದಿಲ್ಲ ಅಂತ ನಂಬಿ ನೀವು ಕಾಗದ ಕೊಡೂದು. ಸುಮ್ನೆ ಉಳಿದ್ರೆ ಮೋಸ ಅಲ್ವ್ರಾ?”

ಮೇಲಧಿಕಾರಿಗಳಿಗೆ ಬರೆಯಲೇಬೇಕಾಯಿತು. ಏಳು ವಾರ ಅವರು ಕೋಣೆಯ ಹೊರಗೆ, ಅಂಗಳದ ಹುಲ್ಲು ಕೀಳುವ ಕೆಲಸದಲ್ಲಿದ್ದರು. ಅಕ್ಷರ ಕಲಿತದ್ದಕ್ಕೆ ಶಿಕ್ಷೆಯೋ, ಸತ್ಯ ಹೇಳಿದ್ದಕ್ಕೋ, ನನಗೆ ತಿಳಿಯದು. ‘ಎಷ್ಟು ಓದಬಲ್ಲರು, ಪರೀಕ್ಷಿಸಿ’ ಎಂದು ಮೇಲಿನಿಂದ ಪತ್ರ ಬಂತು. ಕಚೇರಿಯ ಕಾಗದ ಕೊಟ್ಟು ಓದಿಸಿದರೆ ಅದೇ ನಿಯಮಭಂಗ. ತಲೆಕೆಟ್ಟು, ಕೊನೆಗೆ ಇದ್ದದ್ದನ್ನೇ ಬರೆದೆ: ‘ಓದಲು ಬರುತ್ತದೆಂದು ತಾವಾಗಿ ಬಂದು ಹೇಳಿದವರ ಕೈಯಲ್ಲಿ ನಮ್ಮ ಕಾಗದ ಕ್ಷೇಮ. ಬಚ್ಚಿಡಿ ಎಂದವನು ನಾನು.’

ಹೊನ್ನಮ್ಮನವರು ಕೋಣೆಗೆ ಮರಳಿದರು. ನನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯೊಂದು ದಾಖಲಾಯಿತು. ಅದರಿಂದ ನನಗೆ ಬೇಸರವಾಯಿತೋ ಸಮಾಧಾನವಾಯಿತೋ, ಈವರೆಗೂ ಬಗೆಹರಿದಿಲ್ಲ.

ಕಳೆದ ವಾರ ಈ ಲೇಖನದ ಇಲ್ಲಿಯವರೆಗಿನ ಕರಡನ್ನು ಅವರ ಕೈಗಿತ್ತೆ. ಅವರು ಅದನ್ನು ಅಭ್ಯಾಸಬಲದಿಂದ ಮೇಜಿನ ಮೇಲೆ ಮಗುಚಿಟ್ಟು, ಮೇಲೆ ಅಂಗೈ ಊರಿದರು.

“ಇದು ಓದೂಕೆ ಅಡ್ಡಿಲ್ವಾ ಸಾಹೇಬ್ರೆ?”

“ಅಡ್ಡಿಲ್ಲ. ಇದು ನಿಮ್ದೇ.”

ಹಾಳೆ ತಿರುಗಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ತಮ್ಮ ಹೆಸರಿನ ಬಳಿ ಬಂದಾಗ ಬೆರಳು ಬಹಳ ಹೊತ್ತು ನಿಂತಿತು. ಅವರಿಗೆ ದೀರ್ಘಾಯುಷ್ಯವೂ ಕಣ್ಣಿಗೆ ಬೆಳಕೂ ಇರಲಿ. ಇನ್ನು ಅವರ ಕೈಗೆ ಬರುವ ಯಾವ ಹಾಳೆಯನ್ನೂ ಅವರು ಮಗುಚಬೇಕಾಗದಿರಲಿ.