ಗಿರಣಿಯ ಸದ್ದಿನಲ್ಲಿ

ಹೆಸರು ಹಾಕಿರಲಿಲ್ಲ. ಅದೇ ನನ್ನ ದೊಡ್ಡ ಸಮಾಧಾನವಾಗಿತ್ತು. ಇಂಡಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಗಂಡನ ಹೊಡೆತ ತಾಳಲಾರದೆ ಠಾಣೆಗೆ ದೂರು ಕೊಟ್ಟಿದ್ದಳು. ನಾನು ಪತ್ರಿಕೆಯ ತಾಲ್ಲೂಕು ವರದಿಗಾರ್ತಿ, ಹನ್ನೊಂದು ವರ್ಷ ಸುದ್ದಿ ಬರೆದವಳು, ಇಷ್ಟೂ ಗೊತ್ತಿರಬೇಡವೇ? ಹೆಸರು ಬಿಟ್ಟೆ, ಓಣಿ ಬಿಟ್ಟೆ, ಫೋಟೊ ಬಿಟ್ಟೆ. ಆದರೆ ಊರು ಬರೆದು, ಪಕ್ಕದಲ್ಲೇ ‘ಹಿಟ್ಟಿನ ಗಿರಣಿ ನಡೆಸುವ ಮಹಿಳೆ’ ಎಂದೂ ಬರೆದುಬಿಟ್ಟೆ. ಆ ಊರಿಗೆ ಇರುವುದು ಒಂದೇ ಗಿರಣಿ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ!

ಹದಿನೈದು ದಿನ ಕಳೆದ ಮೇಲೆ ಆ ಊರಿನ ಆಶಾ ಕಾರ್ಯಕರ್ತೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. “ಗಿರಣಿಗೆ ಈಗ ಯಾರೂ ಹೋಗೂದಿಲ್ರಿ ಅಕ್ಕಾರ. ಪೇಪರಿನಾಗ ಬಂದಾಕಿ ಹಂತ್ಯಾಕ ಸೊಸ್ತ್ಯಾರನ್ನ ಕಳಸಾಕ ಅತ್ತಿ ಮಂದಿ ಒಲ್ಲೆ ಅಂತಾರ. ಬಾಜೂ ಊರಿಗೆ ಬೀಸಾಕ ಹೊಂಟಾರ” ಎಂದಳು. ಗಂಡನನ್ನು ಬಿಟ್ಟು ತವರಿಗೆ ಬಂದವಳಿಗೆ ಆ ಗಿರಣಿಯೇ ಅನ್ನ. ಅದು ನಿಂತರೆ ಆಕೆ ಮತ್ತೆ ಅದೇ ಗಂಡನ ಮನೆಗೆ ಹೋಗಬೇಕಾಗಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ನಾಲ್ಕು ತಾಲ್ಲೂಕಿನ ನಾಲ್ವರು ವರದಿಗಾರ್ತಿಯರು ನಾವು. ತಿಂಗಳಿಗೊಂದು ಭಾನುವಾರ ಬುತ್ತಿ ಕಟ್ಟಿಕೊಂಡು, ನಮ್ಮಲ್ಲಿ ಹಿರಿಯಳಾದ ಬಾಗೇವಾಡಿ ಅಕ್ಕನ ಮನೆಯಲ್ಲಿ ಸೇರುತ್ತೇವೆ. ಕೊಲೆ, ಹೊಡೆತ, ಆತ್ಮಹತ್ಯೆ ಅಂತ ಬರೆದೂ ಬರೆದೂ ತಲೆ ಕೆಟ್ಟಿರುತ್ತದೆ. ಮನೆಯಲ್ಲಿ ಬಾಯಿ ಬಿಟ್ಟರೆ ‘ಹಂಗಾರ ಬಿಟ್ಟುಬಿಡು ಆ ಕೆಲಸ’ ಎನ್ನುತ್ತಾರೆ. ಮುದ್ದೇಬಿಹಾಳದವಳು ಒಂದು ಕೊಲೆಯ ಸುದ್ದಿ ಮಾಡಿ ಬಂದಮೇಲೆ ಈಳಿಗೆ ಮುಟ್ಟಲೂ ಹೆದರುತ್ತಿದ್ದಳು. ಮನೋವೈದ್ಯರ ಹತ್ತಿರ ಹೋಗುತ್ತಿದ್ದೇನೆಂದು ಆಕೆ ಮೊದಲು ಹೇಳಿದ್ದು ನಮಗೇ.

ಆ ತಿಂಗಳು ನನಗೆ ತುತ್ತು ಇಳಿಯಲಿಲ್ಲ. “ಯಾಕವಾ, ರೊಟ್ಟಿ ಹಂಗ ಐತಲ್ಲ?” ಎಂದು ಅಕ್ಕ ಕೇಳಿದ್ದೇ ತಡ, ಎಲ್ಲ ಹೇಳಿ ಅತ್ತುಬಿಟ್ಟೆ. ತಲೆ ನೇವರಿಸಿ ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. ಎಲ್ಲಿಯ ಮಾತು!

“ನಮ್ಮ ಮುಂದ ಅತ್ತರ ಆಕಿ ಗಿರಣಿ ತಿರಗತೈತೇನು? ಆಕಿ ಮುಂದ ಹೋಗಿ ನಿಂದರು” ಎಂದು ಅಕ್ಕ ಬೈದಳು.

“ಬರೇ ಕೈಲೆ ಯಾಕ ಹೋಗೂದು? ನಾಲ್ಕೂ ಮಂದಿ ಜೋಳ ಹೊತ್ಗೊಂಡ ಹೋಗೂಣು” ಎಂದಳು ಸಿಂದಗಿಯವಳು.

ಮುಂದಿನ ಭಾನುವಾರ ಜೋಳದ ಚೀಲಗಳೊಂದಿಗೆ ಆ ಊರಲ್ಲಿ ಬಸ್ ಇಳಿದೆವು. ಗಿರಣಿ ಕಣ್ಣೆದುರೇ ಇತ್ತು. ಆದರೂ ಸಿಂದಗಿಯವಳು ಕಟ್ಟೆಯ ಮೇಲೆ ಕೂತವರನ್ನೆಲ್ಲ “ಗಿರಣಿ ಎಲ್ಲೈತ್ರಿ? ಭಾಳ ಸಣ್ಣ ಬೀಸ್ತಾರಂತಲ್ರಿ!” ಎಂದು ಊರಿಗೆಲ್ಲ ಕೇಳುವಂತೆ ವಿಚಾರಿಸಿದಳು. ಆ ಸಂಕಟದಲ್ಲೂ ನನಗೆ ನಗು ಬಂತು.

ಠಾಣೆಯಲ್ಲಿ ನನ್ನನ್ನು ನೋಡಿದ್ದ ಆಕೆ ಕೂಡಲೇ ಗುರುತು ಹಿಡಿದಳು. “ಹೆಸರು ಹಾಕಿಲ್ಲಂತ ಹೇಳಾಕ ಬಂದೀರೇನ್ರಿ?”

“ಇಲ್ಲವಾ. ತಪ್ಪು ಮಾಡೇನಿ. ಅದನ್ನ ಹೇಳಾಕ ಬಂದೇನಿ.”

ಆಕೆ ನನ್ನ ಚೀಲ ಕಸಿದುಕೊಂಡು ಜೋಳ ಸುರಿದು ಸ್ವಿಚ್ ಒತ್ತಿದಳು. ಗಿರಣಿ ಗುಡುಗಿತು, ತಗಡೆಲ್ಲ ನಡುಗಿತು. ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೊತ್ತಿ ಬಿಕ್ಕಿದೆ. ಆಗ ಆಕೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: “ಸೆರಗು ತಗೀರಿ. ಜೋರಾಗಿ ಅಳ್ರಿ, ಇಲ್ಲಿ ಯಾರಿಗೂ ಕೇಳೂದಿಲ್ಲ. ನಮ್ಮೂರ ಹೆಣ್ಮಕ್ಕಳು ಬರೇ ಬೀಸಾಕ ಬರ್ತಿದ್ದಿಲ್ರಿ.”

ನಾನು ಕಿತ್ತುಕೊಂಡದ್ದು ಒಬ್ಬಳ ಅನ್ನವನ್ನಷ್ಟೇ ಅಲ್ಲ, ಎಷ್ಟೋ ಸೊಸೆಯರು ಬಾಯಿ ಬಿಟ್ಟು ಅಳಬಹುದಾಗಿದ್ದ ಒಂದೇ ಜಾಗವನ್ನು! ನಾಚಿಕೆಯಿಂದ ಕುಗ್ಗಿಹೋದೆ. ಹಾಗಿದ್ದೂ ಆಕೆ ನನ್ನನ್ನು ಅಲ್ಲಿ ಅಳಲು ಬಿಟ್ಟಳು. ಆ ಋಣ ನನ್ನ ಮೇಲಿದೆ.

ಆಮೇಲೆ ತಿಂಗಳ ಕೂಟ ಗಿರಣಿಯಲ್ಲೇ ಆಯಿತು. ಮೂರನೇ ಸಲ ಹೋದಾಗ ಒಬ್ಬ ಅಜ್ಜಿ “ಎಷ್ಟಂತ ಬಾಜೂ ಊರಿಗೆ ಹೊತ್ಗೊಂಡ ಹೋಗ್ಲೆ?” ಎಂದು ಗೊಣಗುತ್ತ ಡಬ್ಬಿ ತಂದಿಟ್ಟಳು. ಅವಳ ಹಿಂದೆ ಅವಳ ಸೊಸೆ ಬಂದಳು. ನಿಧಾನಕ್ಕೆ ಉಳಿದವರೂ ಬಂದರು. ಆಕೆ ಗಂಡನ ಮನೆಗೆ ಹೋಗಲಿಲ್ಲ. ನನ್ನ ಗೆಳತಿಯರು ಅಂದು ನನ್ನನ್ನು ಸುಮ್ಮನೆ ಸಂತೈಸಿ ಕಳಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಬೈದರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಇದನ್ನು ಬರೆದು ಮೊದಲು ಆಕೆಗೇ ಓದಿ ಹೇಳಿದೆ. ಹೊರಗೆ ಡಬ್ಬಿಗಳ ಸಾಲಿತ್ತು. ಆದರೂ ಗಿರಣಿ ನಿಲ್ಲಿಸಿ ಕೊನೆಯವರೆಗೂ ಕೇಳಿದಳು.

“ಗಿರಣಿ ಅಂತ ಇರೂದನ್ನ ತಗದಬಿಡ್ಲೇನವಾ?” ಎಂದೆ.

“ಊರ ಹೆಸರು ಬ್ಯಾಡ್ರಿ” ಎಂದಳು. “ಗಿರಣಿ ಇರ್ಲಿ ಅಕ್ಕಾರ. ಅದು ನಂದ ಐತಿ.”